ಕಸದ ಬುಟ್ಟಿ ಎಲ್ಲಿಡಬೇಕು?

ಯಾರದಾದರೂ ಮನೆಗೆ ಹೋದಾಗ ನನ್ನ ಕಣ್ಣು ಹುಡುಕುವುದು ಕಸದ ಬುಟ್ಟಿಯನ್ನು. ಬಾಳೆಹಣ್ಣು ತಿಂದು ಸಿಪ್ಪೆ ಕೈಯಲ್ಲಿ ಹಿಡಿದು ಎದ್ದರೆ ಸಾಕು, ಮನೆಯವರು ‘ಅಯ್ಯೋ ಕೊಡಿ, ಕೊಡಿ’ ಅಂತ ಓಡಿ ಬರುತ್ತಾರೆ. ಬುಟ್ಟಿ ಇರುವ ಜಾಗವನ್ನು ಬಂದವರಿಗೆ ತೋರಿಸಲು ಅವರಿಗೆ ಮನಸ್ಸಿಲ್ಲ. ಅದು ಸಿಂಕಿನ ಕೆಳಗಿನ ಕತ್ತಲಲ್ಲಿರುತ್ತದೆ, ಇಲ್ಲವೇ ಹಿತ್ತಿಲ ಬಾಗಿಲ ಹಿಂದೆ ಕಸಬರಿಗೆಯ ಪಕ್ಕ. ದೇವರ ಕೋಣೆಗೆ ದಿಕ್ಕು ನೋಡುತ್ತೇವೆ. ಫ್ರಿಜ್ಜಿಗೆ, ವಾಷಿಂಗ್ ಮಷೀನಿಗೆ ಟೇಪು ಹಿಡಿದು ಅಳೆಯುತ್ತೇವೆ. ದಿನಕ್ಕೆ ಹತ್ತಾರು ಸಲ ಕೈ ಹೋಗುವ ಬುಟ್ಟಿಗೆ ಮಾತ್ರ ಎಲ್ಲ ಮುಗಿದ ಮೇಲೆ ಉಳಿದ ಮೂಲೆ.

ಕಸದ ಬಗ್ಗೆ ಮಾತು ಬಂದಾಗ ನಾವು ಊರಾಚೆಯ ಗುಡ್ಡೆ, ಬಾರದ ಗಾಡಿ, ಕೆಲಸ ಮಾಡದ ಅಧಿಕಾರಿ ಅಂತೆಲ್ಲ ಮಾತಾಡುತ್ತೇವೆ. ಅದೂ ಇರಲಿ, ಬೇಕು. ಆದರೆ ಒಂದು ಮೊಟ್ಟೆ ಚಿಪ್ಪು ಗೊಬ್ಬರ ಆಗುತ್ತದೋ ಗಬ್ಬು ಆಗುತ್ತದೋ ಅನ್ನುವುದು ತೀರ್ಮಾನ ಆಗುವುದು ಅಡುಗೆಮನೆಯಲ್ಲಿ, ನಮ್ಮ ಕೈ ಅದನ್ನು ಬಿಟ್ಟ ಆ ಕ್ಷಣದಲ್ಲಿ. ಬುಟ್ಟಿ ಎಲ್ಲಿದೆ, ಎಷ್ಟು ಬುಟ್ಟಿ ಇದೆ, ಮುಚ್ಚಳ ಹೇಗಿದೆ, ಇಷ್ಟರ ಮೇಲೆ ಉಳಿದದ್ದೆಲ್ಲ ನಿಂತಿದೆ ಅಂತ ನಾನು ನಂಬಿದ್ದೇನೆ.

ನಾನು ಬೆಳೆದದ್ದು ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಆ ಮನೆಯಲ್ಲಿ ಕಸದ ಬುಟ್ಟಿ ಅಂತ ಒಂದು ವಸ್ತುವೇ ಇರಲಿಲ್ಲ. ಬೇಕಾಗಿರಲಿಲ್ಲ ಅದು. ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು, ಮಿಕ್ಕ ಅನ್ನ ಎಲ್ಲ ಅಕ್ಕಚ್ಚಿನ ಬಕೆಟ್ಟಿಗೆ, ಅಲ್ಲಿಂದ ಕೊಟ್ಟಿಗೆಗೆ. ಉಂಡ ಬಾಳೆ ಎಲೆಯೂ ಆಕಳಿಗೇ. ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ, ಒಣಗಿದ ಸೋಗೆ ಬಚ್ಚಲ ಒಲೆಗೆ. ಒಲೆಯ ಬೂದಿ ಸ್ವಲ್ಪ ಪಾತ್ರೆ ತಿಕ್ಕಲಿಕ್ಕೆ, ಉಳಿದದ್ದು ತೋಟಕ್ಕೆ. ಅಂಗಳ ಗುಡಿಸಿದ ಕಸ, ಬೆಟ್ಟದಿಂದ ತಂದು ಕೊಟ್ಟಿಗೆಗೆ ಹಾಸಿದ ಸೊಪ್ಪು, ದರಕು ಎಲ್ಲ ಹೆಡಗೆಯಲ್ಲಿ ಗೊಬ್ಬರ ಗುಂಡಿಗೆ. ಹರಿದ ಸೀರೆ ಮೊದಲು ಕೌದಿ ಆಗಿ, ಆಮೇಲೆ ಒರೆಸುವ ಬಟ್ಟೆ ಆಗಿ, ಕೊನೆಗೆ ಬಿಸಿ ಪಾತ್ರೆ ಹಿಡಿಯುವ ಮಸಿ ಬಟ್ಟೆ ಆಗಿ ಮುಗಿಯುತ್ತಿತ್ತು. ಕಾಗದವನ್ನಂತೂ ಎಸೆಯುವ ಪ್ರಶ್ನೆಯೇ ಇಲ್ಲ. ಜಗಲಿಯ ಗೋಡೆಯಲ್ಲಿ ಒಂದು ಬಾಗಿದ ತಂತಿ ತೂಗುತ್ತಿತ್ತು, ಬಂದ ಪತ್ರ, ಮದುವೆ ಕರೆಯೋಲೆ, ಸೊಸೈಟಿ ರಸೀದಿ ಎಲ್ಲ ಅದಕ್ಕೆ ಚುಚ್ಚಿಕೊಂಡು ವರ್ಷಗಟ್ಟಲೆ ಇರುತ್ತಿದ್ದವು, ಕೆಳಗಿನ ಕಾಗದ ಹಳದಿ ಆಗಿ ತೂತಿನ ಸುತ್ತ ತುಕ್ಕಿನ ಬಣ್ಣ ಹಿಡಿದಿರುತ್ತಿತ್ತು.

ಹಾಗಂತ ಹಿಂದಿನದೆಲ್ಲ ಚೆನ್ನಾಗಿತ್ತು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಆ ಮನೆಯಲ್ಲಿ ಪ್ರತಿ ವಸ್ತುವಿಗೂ ಹೋಗಲು ಒಂದು ಜಾಗ ಇತ್ತು, ಆ ಜಾಗ ಕೈಗೆ ಹತ್ತಿರ ಇತ್ತು. ನಾನು ಹೇಳಬೇಕೆಂದಿರುವುದು ಅಷ್ಟೇ. ಯಾರೂ ಯಾರಿಗೂ ಹಸಿ ಕಸ ಒಣ ಕಸ ಅಂತ ಪಾಠ ಹೇಳಿರಲಿಲ್ಲ, ಆದರೂ ಬೇರೆ ಬೇರೆ ಆಗಿಯೇ ಹೋಗುತ್ತಿತ್ತು.

ತೊಂದರೆ ಶುರುವಾದದ್ದು ಜಾಗವೇ ಇಲ್ಲದ ವಸ್ತುಗಳು ಮನೆಗೆ ಬಂದಾಗ. ಶಾಂಪೂ ಪಾಕೀಟು, ಬಿಸ್ಕೀಟಿನ ಹಾಳೆ, ಎಣ್ಣೆ ಕವರು, ಗುಟ್ಕಾ ಚೀಟಿ, ಹರಿದ ಹವಾಯಿ ಚಪ್ಪಲಿ. ಇವನ್ನು ಆಕಳು ತಿನ್ನಬಾರದು, ಗೊಬ್ಬರ ಗುಂಡಿಗೆ ಹಾಕಿದರೆ ಕೊಳೆಯುವುದಿಲ್ಲ. ಉಳಿದದ್ದು ಒಂದೇ ಬಾಯಿ, ಬಚ್ಚಲ ಒಲೆ. ಹಾಗಾಗಿ ನಮ್ಮ ಕಡೆ ಮನೆ ಮನೆಯಲ್ಲೂ ಪ್ಲಾಸ್ಟಿಕ್ ಒಲೆಗೆ ಹೋಗತೊಡಗಿತು. ‘ಚೂರು ಹಾಕಿದ್ರೆ ಬೇಗ ಬೆಂಕಿ ಹತ್ತುತ್ತದೆ’ ಅಂತ ಹೇಳುವವರೂ ಇದ್ದಾರೆ. ಹತ್ತುತ್ತದೆ, ನಿಜ. ಆದರೆ ಒಲೆಯ ಬೆಂಕಿಗೆ ಪ್ಲಾಸ್ಟಿಕ್ ಪೂರ್ತಿ ಸುಡುವಷ್ಟು ಬಿಸಿ ಇರುವುದಿಲ್ಲ. ಪಿವಿಸಿ ಅಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್, ಅಂದರೆ ಪೈಪಿನ ತುಂಡು, ವೈರಿನ ಮೇಲಿನ ಸಿಪ್ಪೆ, ಕೆಲವು ರೆಕ್ಸಿನ್ನುಗಳು ಹೀಗೆ ಅರೆಬರೆ ಸುಟ್ಟರೆ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ, ಬೇಗ ಕರಗುವುದಿಲ್ಲ, ಕ್ಯಾನ್ಸರಿಗೂ ಕಾರಣ ಆಗುತ್ತದೆ. ಹೊಗೆ ಎಲ್ಲಿಗೆ ಹೋಗುತ್ತದೆ? ಬಚ್ಚಲಿಗೆ, ಅಡುಗೆಮನೆಗೆ, ಸ್ನಾನಕ್ಕೆ ನಿಂತ ಮಗುವಿನ ಮೂಗಿಗೆ. ಬೂದಿ ಎಲ್ಲಿಗೆ ಹೋಗುತ್ತದೆ? ಅಜ್ಜನ ಕಾಲದಿಂದ ಹೋಗುತ್ತಿದ್ದಲ್ಲಿಗೇ, ತೋಟಕ್ಕೆ. ಬಾಳೆ ಬುಡಕ್ಕೆ, ಬಸಳೆ ಚಪ್ಪರದ ಬುಡಕ್ಕೆ. ಒಲೆ ಅದೇ, ಬೂದಿಯ ದಾರಿ ಅದೇ, ಹಾಕುವ ವಸ್ತು ಮಾತ್ರ ಬೇರೆ ಆಗಿದೆ. ಇದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ನಮ್ಮನೆಯಲ್ಲಿ ಇದು ನಿಂತದ್ದು ಭಾಷಣದಿಂದ ಅಲ್ಲ, ಒಂದು ಗೋಣಿಚೀಲದಿಂದ. ಮೊದಲು ತಮ್ಮ ಪೇಟೆಯಿಂದ ಒಂದು ನೀಲಿ ಡಬ್ಬಿ ತಂದು ಜಗಲಿಯ ತುದಿಯಲ್ಲಿ ಇಟ್ಟ. ಅದಕ್ಕೆ ಯಾರೂ ಏನೂ ಹಾಕಲಿಲ್ಲ. ಸ್ನಾನಕ್ಕೆ ಹೋದವರು ಸೋಪಿನ ಕವರು ಬಿಚ್ಚಿ, ಒದ್ದೆ ಕಾಲಲ್ಲಿ ಜಗಲಿಗೆ ಬಂದು ಹಾಕಿ ಹೋಗುತ್ತಾರಾ? ಎದುರಿಗೇ ಒಲೆ ಉರಿಯುತ್ತಿದೆ. ಆಮೇಲೆ ಆಯಿ ಬಚ್ಚಲ ಒಲೆಯ ಬಲಕ್ಕೆ, ಕಟ್ಟಿಗೆ ಒಟ್ಟುವ ಜಾಗದ ಮೇಲೆ, ಗೋಡೆಗೆ ಮೊಳೆ ಹೊಡೆಸಿ ಖಾಲಿ ಗೋಣಿಚೀಲ ತೂಗಿ ಹಾಕಿದಳು. ಬಾಯಿ ಮುಚ್ಚಿಕೊಳ್ಳದ ಹಾಗೆ ಒಳಗೆ ಒಂದು ಬಿದಿರಿನ ಬಳೆ ಕೊಟ್ಟಿದ್ದಾಳೆ. ಒಲೆಗೆ ಎಸೆಯಲು ಎತ್ತಿದ ಕೈ ಸುಮ್ನೆ ಒಂದು ಮೊಳ ಪಕ್ಕಕ್ಕೆ ತಿರುಗಿದರೆ ಸಾಕು. ಈಗ ಮೊಮ್ಮಗ ಚಾಕಲೇಟು ಸಿಪ್ಪೆ ಹಿಡಿದು ಬಚ್ಚಲಿಗೆ ಬಂದರೆ ಅವಳ ದನಿ ಅಡುಗೆಮನೆಯಿಂದಲೇ ಕೇಳುತ್ತದೆ, ‘ತಮಾ, ಅದ್ನ ಒಲೆಗೆ ಹಾಕಡ, ಚೀಲಕ್ಕೆ ಹಾಕು.’ ಚೀಲ ತುಂಬಿದಾಗ ಬಾಯಿ ಕಟ್ಟಿ ರಸ್ತೆಗೆ ಒಯ್ದಿಟ್ಟರೆ ಪಂಚಾಯ್ತಿಯ ಗಾಡಿ ತೆಗೆದುಕೊಂಡು ಹೋಗುತ್ತದೆ. ಎಷ್ಟೋ ಹಳ್ಳಿಗಳಲ್ಲಿ ಈಗ ಸ್ವಸಹಾಯ ಸಂಘದ ಹೆಂಗಸರೇ ಈ ಗಾಡಿ ಓಡಿಸುತ್ತಾರೆ, ಕಸ ಬೇರೆ ಮಾಡುತ್ತಾರೆ.

ಕೈ ಎಲ್ಲಿಗೆ ಹೋಗುತ್ತದೋ ಅಲ್ಲೇ ಚೀಲ. ಅದನ್ನು ಬಿಟ್ಟು ಕಸಕ್ಕೆ ಅಂತ ಇನ್ನೊಂದು ಜಾಗ ಕೊಟ್ಟು, ಅಲ್ಲಿಗೆ ಕೈ ಬರಲಿ ಅಂತ ಕಾದರೆ ಬರುವುದಿಲ್ಲ.

ಈಗ ನಾವಿರುವುದು ಕಾರವಾರದಲ್ಲಿ, ಫ್ಲ್ಯಾಟಿನಲ್ಲಿ. ಇಲ್ಲಿ ಆಕಳೂ ಇಲ್ಲ, ಒಲೆಯೂ ಇಲ್ಲ, ಗುಂಡಿಯೂ ಇಲ್ಲ. ಬುಟ್ಟಿಯೇ ಎಲ್ಲ. ಮೇಲಿಂದ ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ದಿನಗಳಲ್ಲಿ ಗೋಡೆಗೇ ಬೂಸು ಬರುತ್ತದೆ, ಇನ್ನು ಬುಟ್ಟಿಯೊಳಗಿನ ತರಕಾರಿ ಸಿಪ್ಪೆಯ ಕತೆ ಕೇಳಬೇಡಿ.

ವಾಸನೆ ಬರುವುದಕ್ಕೆ ಕಾರಣ ಕಸ ಅಲ್ಲ, ಗಾಳಿ ಇಲ್ಲದ ನೀರು. ಹಸಿ ಕಸದ ನೀರು ತಳಕ್ಕೆ ಇಳಿದು ನಿಲ್ಲುತ್ತದೆ, ಪ್ಲಾಸ್ಟಿಕ್ ಚೀಲ ಹಾಕಿದ್ದರೆ ಆ ನೀರಿಗೆ ಹೋಗಲು ದಾರಿಯೇ ಇಲ್ಲ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಬೆಳೆದು ಗಬ್ಬೆಬ್ಬಿಸುತ್ತವೆ. ಅದಕ್ಕೇ ಹಸಿ ಬುಟ್ಟಿಗೆ ನಾನು ಕವರು ಹಾಕುವುದಿಲ್ಲ. ಹಳೆ ಪೇಪರನ್ನು ನಾಲ್ಕು ಮಡಿಕೆ ಮಾಡಿ ತಳಕ್ಕೆ, ಎರಡು ಹಾಳೆ ಅಡ್ಡಡ್ಡ ಸುತ್ತಲಿಗೆ. ಸಿಪ್ಪೆಯನ್ನು ಹಾಕುವ ಮೊದಲು ಸಿಂಕಿನ ಜಾಲರಿಯಲ್ಲಿ ನೀರು ಬಸಿಯಲು ಬಿಡುತ್ತೇನೆ. ಚಹಾ ಸೊಪ್ಪನ್ನು ಹಿಂಡಿ ಹಾಕುತ್ತೇನೆ. ರಾತ್ರಿ ಮುಚ್ಚುವಾಗ ಮೇಲೆ ಒಂದು ಹಿಡಿ ಒಣಗಿದ ಎಲೆ ಅಥವಾ ತೆಂಗಿನ ನಾರಿನ ಪುಡಿ. ಇಷ್ಟೇ. ಬಾಲ್ಕನಿಯಲ್ಲಿ ಗೊಬ್ಬರ ಮಾಡುವವರಿಗೂ ಇದೇ ಲೆಕ್ಕ. ಇಂಗಾಲ ಸುಮಾರು 30 ಪಾಲು, ಸಾರಜನಕ 1 ಪಾಲು ಇದ್ದರೆ ಕಸ ಚೆನ್ನಾಗಿ ಕಳಿಯುತ್ತದೆ ಅಂತ ಹೇಳುತ್ತಾರೆ. ಅಡುಗೆಮನೆಯ ಭಾಷೆಯಲ್ಲಿ ಹೇಳಬೇಕೆಂದರೆ ಹಸಿ ಸಿಪ್ಪೆಯ ಜೊತೆ ಒಣ ಎಲೆ ಧಾರಾಳವಾಗಿ ಇರಬೇಕು. ಮಳೆಗಾಲದಲ್ಲಿ ಒಣ ಎಲೆ ಹುಡುಕಿದರೆ ಸಿಗುವುದಿಲ್ಲ. ಮೇ ತಿಂಗಳಲ್ಲೇ ಎರಡು ಚೀಲ ತುಂಬಿ ಅಟ್ಟದ ಮೇಲೆ ಇಟ್ಟುಕೊಂಡರೆ ನಿಮ್ಮ ಪುಣ್ಯ.

ಮೀನಿನ ಕಸದ ಬಗ್ಗೆ ನನಗೆ ಹೇಳಿಕೊಟ್ಟವರು ಪಕ್ಕದ ಮನೆಯವರು. ನಮ್ಮನೆಯಲ್ಲಿ ಮೀನಿಲ್ಲ. ಅವರಿಗೆ ಮೀನಿಲ್ಲದ ದಿನ ಊಟವೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ಬಿಡುವುದಿಲ್ಲ, ಆಗ ಒಣಮೀನಿನಲ್ಲಿ ದಿನ ತಳ್ಳುತ್ತಾರೆ. ಆಗಸ್ಟ್ ಬಂತೆಂದರೆ ಸಿಗಡಿ, ಬಂಗಡೆ ಶುರು. ಸಿಗಡಿಯಲ್ಲಿ ತಲೆ, ಸಿಪ್ಪೆ ತೆಗೆದರೆ ಎಸೆಯುವುದೇ ರಾಶಿ ಇರುತ್ತದೆ. ಕಸದ ಗಾಡಿ ಬರುವ ಹೊತ್ತಿಗೆ ಅದು ಇಡೀ ಮಹಡಿಗೆ ಗೊತ್ತಾಗಬೇಕು. ಆದರೆ ಅವರ ಮನೆಯಿಂದ ಒಂದು ದಿನವೂ ವಾಸನೆ ಬಂದದ್ದಿಲ್ಲ. ಕೇಳಿದೆ. ಅವರು ಫ್ರೀಜರ್ ತೆಗೆದು ತೋರಿಸಿದರು. ಮುಚ್ಚಳ ಇರುವ ಹಳೆ ಐಸ್‌ಕ್ರೀಮ್ ಡಬ್ಬಿ, ಅದರೊಳಗೆ ಪೇಪರಿನಲ್ಲಿ ಸುತ್ತಿದ ಸಿಗಡಿ ಸಿಪ್ಪೆ, ಕಲ್ಲಿನಷ್ಟು ಗಟ್ಟಿ. ‘ಗಾಡಿ ಬರೋ ಬೆಳಿಗ್ಗೆ ತೆಗೆದು ಹಸಿ ಕಸಕ್ಕೆ ಹಾಕಿದ್ರಾಯ್ತು, ಅಲ್ವಾ?’ ಅಂದರು. ಮಾಜಾಳಿಯಲ್ಲಿರುವ ಅವರ ಅತ್ತೆಗೆ ಈ ಡಬ್ಬಿಯೂ ಬೇಡ. ಮೀನು ತೊಳೆದ ನೀರು ತೆಂಗಿನ ಬುಡಕ್ಕೆ, ತಲೆ ಮುಳ್ಳು ಅಲ್ಲೇ ಮೊಳಕೈ ಆಳದ ಗುಳಿಗೆ, ಮೇಲೆ ಮಣ್ಣು. ನಾಯಿ ಕೆದರದ ಹಾಗೆ ಒಂದು ಚಪ್ಪಡಿ ಕಲ್ಲು. ಜಾಗ ಇದ್ದವರು ಇದನ್ನು ಬಿಡಬೇಡಿ.

ಇನ್ನು ಒಣ ಕಸ. ಹಾಲಿನ ಪಾಕೀಟು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತುಂಡು ಮಾಡಬೇಡಿ. ಆ ಚೂರು ಯಾವ ಬುಟ್ಟಿಗೂ ಸೇರುವುದಿಲ್ಲ, ಸಿಂಕಿನಲ್ಲಿ ಇಳಿದು ಚರಂಡಿ ಸೇರುತ್ತದೆ, ಇಲ್ಲಿ ಚರಂಡಿಯಿಂದ ಕಡಲಿಗೆ ಎಷ್ಟು ದೂರ ಹೇಳಿ. ಅರ್ಧ ಕತ್ತರಿಸಿ, ಮೂಲೆ ಪಾಕೀಟಿಗೆ ಅಂಟಿಕೊಂಡೇ ಇರಲಿ. ಖಾಲಿ ಆದಮೇಲೆ ತೊಳೆದು ಸಿಂಕಿನ ಹಿಂದಿನ ಟೈಲಿಗೆ ಹಚ್ಚಿದರೆ ಅಂಟಿಕೊಳ್ಳುತ್ತದೆ, ಒಣಗಿದಾಗ ತಾನೇ ಬೀಳುತ್ತದೆ. ನಮ್ಮ ಮಗಳಿಗೆ ಈ ಕೆಲಸ ಬಹಳ ಇಷ್ಟ, ಬೇರೆಯವರು ಮಾಡಿದರೆ ಸಿಟ್ಟು ಬರುತ್ತದೆ. ತೊಳೆದ ಪಾಕೀಟಿಗೆ ಗುಜರಿಯವರೂ ಕಾಸು ಕೊಡುತ್ತಾರೆ, ಹಾಲು ಹುಳಿದು ಗಬ್ಬು ಹಿಡಿದದ್ದನ್ನು ಯಾರೂ ಮುಟ್ಟುವುದಿಲ್ಲ.

ಮುಟ್ಟುವವರ ವಿಷಯಕ್ಕೆ ಬರುತ್ತೇನೆ. ನಾನು ಇಷ್ಟೆಲ್ಲ ಬರೆಯುತ್ತಿರುವುದು ಅವರಿಗಾಗಿ.

ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಅಕ್ಕ ಕವರು ತೆಗೆದುಕೊಳ್ಳುವ ರೀತಿಯನ್ನು ಒಮ್ಮೆ ನಿಂತು ನೋಡಿದೆ. ಗಂಟು ಹಿಡಿದು ಸೀದಾ ಗಾಡಿಗೆ ಎಸೆಯುವುದಿಲ್ಲ. ಮೊದಲು ಹೊರಗಿಂದ ಅಂಗೈಯಲ್ಲಿ ಮೆಲ್ಲಗೆ ಒತ್ತುತ್ತಾರೆ. ಒಂಚೂರು ಅಲ್ಲಾಡಿಸಿ ಸದ್ದು ಕೇಳುತ್ತಾರೆ. ಆಮೇಲೆ ಬಿಚ್ಚುತ್ತಾರೆ. ಯಾಕೆ ಅಂತ ಕೇಳಿದ್ದಕ್ಕೆ ಗ್ಲೋವ್ಸ್ ತೆಗೆದು ಹೆಬ್ಬೆರಳು ತೋರಿಸಿದರು, ಬುಡದಿಂದ ಉಗುರಿನವರೆಗೆ ಬಿಳಿ ಗೆರೆ. ಒಡೆದ ಬಲ್ಬು. ‘ಅಕ್ಕಾ, ಗಾಜಿದ್ರೆ ಬುಟ್ಟಿಗೆ ಹಾಕ್ಬೇಡಿ, ನನ್ನ ಕೈಗೇ ಕೊಡಿ, ನಾನು ಬೇರೆ ಇಡ್ತೇನೆ’ ಅಂದರು. ಅವರು ಕೇಳಿದ್ದು ಅಷ್ಟೇ. ಸಂಬಳದ ಬಗ್ಗೆ, ಬಿಸಿಲಿನ ಬಗ್ಗೆ ಏನೂ ಹೇಳಲಿಲ್ಲ.

2016ರಲ್ಲಿ ಕೇಂದ್ರ ಸರ್ಕಾರ ತಂದ ಘನತ್ಯಾಜ್ಯ ನಿಯಮದಲ್ಲಿ ಮನೆಯವರೇ ಕಸವನ್ನು ಮೂರು ಪಾಲು ಮಾಡಿ ಕೊಡಬೇಕು ಅಂತ ಬರೆದಿದ್ದರು. ಕೊಳೆಯುವುದು, ಕೊಳೆಯದ್ದು, ಮನೆಯಲ್ಲೇ ಹುಟ್ಟುವ ಅಪಾಯದ ಕಸ. ಮೊದಲೆರಡಕ್ಕೆ ಹಸಿರು ಬುಟ್ಟಿ, ನೀಲಿ ಬುಟ್ಟಿ ಬಹಳ ಮನೆಗಳಲ್ಲಿ ಬಂದಿವೆ. ಮೂರನೆಯದಕ್ಕೆ ಜಾಗ ಕೊಟ್ಟವರು ಕಮ್ಮಿ. ಆದರೆ ಕೈ ಕೊಯ್ಯುವುದು, ಚುಚ್ಚುವುದು, ಸೋಂಕು ತರುವುದು ಎಲ್ಲ ಆ ಮೂರನೆಯದೇ. ಬ್ಲೇಡು, ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಸೂಜಿ, ಅವಧಿ ಮುಗಿದ ಮಾತ್ರೆ, ಬ್ಯಾಟರಿ ಶೆಲ್ಲು, ಪಾದರಸ ಇರುವ ಸಿಎಫ್ಎಲ್ ಬಲ್ಬು. ಸೂಜಿಗೆ ಗಟ್ಟಿ ಪ್ಲಾಸ್ಟಿಕ್ಕಿನ ಬಾಟಲಿ ಇಡಿ, ತುಂಬಿದ ಮೇಲೆ ಮುಚ್ಚಳ ಬಿಗಿದು ಟೇಪು ಸುತ್ತಿ, ಮೇಲೆ ಸೂಜಿ ಅಂತ ದೊಡ್ಡದಾಗಿ ಬರೆದು ಕೊಡಿ. ಒಡೆದ ಗಾಜಿಗೆ ರಟ್ಟಿನ ಡಬ್ಬಿ.

ಪ್ಯಾಡ್ ಮತ್ತು ಡೈಪರ್ ಬಗ್ಗೆ ಮಾತಾಡಲು ಈಗಲೂ ದನಿ ತಗ್ಗಿಸುತ್ತೇವೆ. ತಗ್ಗಿಸುವ ಕಾರಣ ಏನೂ ಇಲ್ಲ. ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಗುರುತು. ಆ ಗುರುತು ಕಂಡರೆ ಕಸ ಒಯ್ಯುವವರು ಬಿಚ್ಚುವುದಿಲ್ಲ, ಅಷ್ಟು ಸಾಕು. ಇದಕ್ಕೆ ಬಚ್ಚಲುಮನೆಯಲ್ಲೇ ಮುಚ್ಚಳ ಇರುವ ಒಂದು ಚಿಕ್ಕ ಬುಟ್ಟಿ ಬೇಕು, ಪಕ್ಕದಲ್ಲೇ ಕತ್ತರಿಸಿಟ್ಟ ಪೇಪರು ಬೇಕು. ಇದಿಲ್ಲದ ಮನೆಯಲ್ಲಿ ನೆಂಟರ ಹುಡುಗಿ ಎರಡು ದಿನ ಉಳಿದರೆ ಎಷ್ಟು ಒದ್ದಾಡುತ್ತಾಳೆ ಅಂತ ಹೆಂಗಸರಿಗೆಲ್ಲ ಗೊತ್ತು. ಶೌಚಾಲಯದಲ್ಲಿ ಬುಟ್ಟಿ ಇಲ್ಲದ ಶಾಲೆ, ಬಸ್‌ಸ್ಟ್ಯಾಂಡು, ದೇವಸ್ಥಾನದ ವಸತಿಗೃಹ ಇನ್ನೂ ಎಷ್ಟಿಲ್ಲ! ಒಂದು ಬುಟ್ಟಿಯ ಬೆಲೆ ಎಷ್ಟು? ಕಟ್ಟಿದ ಪೈಪು ಬಿಡಿಸಲು ಕೊಡುವ ಕೂಲಿಗಿಂತ ಕಮ್ಮಿ.

ಕಸವನ್ನು ಮೂರು ಮಾಡುವುದು ಈಗಿನವರ ಹೊಸ ತಲೆನೋವು ಅಂದುಕೊಂಡಿದ್ದರೆ, 1884ರಲ್ಲೇ ಪ್ಯಾರಿಸ್ಸಿನಲ್ಲಿ ಯುಜೀನ್ ಪುಬೆಲ್ ಅನ್ನುವ ಅಧಿಕಾರಿ ಇದನ್ನೇ ಮಾಡಿಸಲು ಹೊರಟಿದ್ದ. ಮನೆ ಮಾಲೀಕರು ಬಾಡಿಗೆದಾರರಿಗೆ ಮುಚ್ಚಳ ಇರುವ ಡಬ್ಬಿ ಕೊಡಬೇಕು. ಕೊಳೆಯುವುದಕ್ಕೆ ಒಂದು, ಕಾಗದ ಬಟ್ಟೆಗೆ ಒಂದು, ಗಾಜು, ಪಿಂಗಾಣಿ ಮತ್ತು ಕಡಲ ಚಿಪ್ಪಿಗೆ ಇನ್ನೊಂದು. ಕಡಲ ಚಿಪ್ಪು ಅಂತ ಓದಿದಾಗ ನನಗೆ ಅಘನಾಶಿನಿ ಅಳಿವೆಯ ದಂಡೆ ಕಣ್ಣಿಗೆ ಬಂತು, ಅಲ್ಲಿ ಬಳಚು ಬೇಯಿಸಿ ತಿಂದ ಮೇಲೆ ಚಿಪ್ಪು ಎಸೆಯುತ್ತಿರಲಿಲ್ಲ, ಸುಟ್ಟು ಸುಣ್ಣ ಮಾಡುತ್ತಿದ್ದರು. ಪ್ಯಾರಿಸ್ಸಿನಲ್ಲಿ ಆ ಆದೇಶಕ್ಕೆ ಜೋರಾಗಿ ವಿರೋಧ ಬಂತು. ವಿರೋಧಿಸಿದವರಲ್ಲಿ ಚಿಂದಿ ಆಯುವವರು ಮುಂದಿದ್ದರು. ರಸ್ತೆಯಲ್ಲಿ ಸುರಿದ ಕಸದಲ್ಲಿ ಆಯ್ದು ಬದುಕುತ್ತಿದ್ದವರಿಗೆ ಡಬ್ಬಿಯ ಮುಚ್ಚಳ ಹೊಟ್ಟೆಯ ಮೇಲೆ ಬಿದ್ದ ಹೊಡೆತ. ಈ ಭಾಗವನ್ನು ನಾವು ಮರೆಯಬಾರದು ಅನ್ನಿಸುತ್ತದೆ. ನಮ್ಮ ಊರಲ್ಲೂ ಗಾಡಿ, ಯಂತ್ರ, ಟೆಂಡರು ಅಂತ ಬರುವಾಗ ಇಷ್ಟು ವರ್ಷ ಬಾಟಲಿ ರಟ್ಟು ಆಯ್ದು ಊರನ್ನು ಚೊಕ್ಕ ಇಟ್ಟವರಿಗೆ ಅದರಲ್ಲೊಂದು ಕೆಲಸ ಇರಲೇಬೇಕು.

ಕಾಲಲ್ಲಿ ಒತ್ತಿದರೆ ಬಾಯಿ ತೆರೆಯುವ ಬುಟ್ಟಿ ಇದೆಯಲ್ಲ, ಅದರ ಹಿಂದೆ ಅಮೆರಿಕದ ಲಿಲಿಯನ್ ಗಿಲ್ಬ್ರೆತ್ ಅನ್ನುವ ಇಂಜಿನಿಯರ್ ಹೆಸರು ಹೇಳುತ್ತಾರೆ. 12 ಮಕ್ಕಳ ತಾಯಿ. ಅಡುಗೆ ಮಾಡುವವರು ಎಷ್ಟು ಹೆಜ್ಜೆ ನಡೆಯುತ್ತಾರೆ, ಎಷ್ಟು ಸಲ ಬಗ್ಗುತ್ತಾರೆ ಅಂತ ಕೂತು ಲೆಕ್ಕ ಹಾಕಿ ಅಡುಗೆಮನೆಯನ್ನು ಬದಲಿಸಿದವರು. ಹಲಸಿನ ಹಣ್ಣು ಬಿಡಿಸಿ ಎರಡೂ ಕೈಗೆ ಮೇಣ ಹತ್ತಿದಾಗ, ಮೀನು ಕೊಯ್ದ ಕೈಯಲ್ಲಿ ಮುಚ್ಚಳ ಮುಟ್ಟಬಾರದು ಅಂದಾಗ, ಆ ಪೆಡಲಿನ ಬೆಲೆ ಗೊತ್ತಾಗುತ್ತದೆ.

ಮನೆಯಿಂದ ಹೊರಗೆ ಬಂದರೆ ಬುಟ್ಟಿಯ ಪ್ರಶ್ನೆ ಇನ್ನೂ ಕಷ್ಟ. ಕಡಲ ದಂಡೆಯಲ್ಲಿ ಬಾಯಿ ತೆರೆದ ಬುಟ್ಟಿ ಇಟ್ಟರೆ ಅದು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಕಾಗೆ ಎಳೆಯುತ್ತದೆ, ನಾಯಿ ಬೀಳಿಸುತ್ತದೆ, ಉಳಿದದ್ದನ್ನು ಪಡುಗಾಳಿ ಒಯ್ಯುತ್ತದೆ. ಕಾರವಾರ, ಹೊನ್ನಾವರದ ಮರಳಿನಲ್ಲಿ ಚಳಿಗಾಲದ ಹೊತ್ತಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಕಸಕ್ಕೆ ಬಂದ ನಾಯಿಗಳು ಆ ಗೂಡನ್ನೂ ಬಿಡುವುದಿಲ್ಲ. ಹಾಗಾಗಿ ದಂಡೆಯ ಬುಟ್ಟಿಗೆ ತೂಕದ ಮುಚ್ಚಳ ಬೇಕು, ನೆಲಕ್ಕೆ ಹುಗಿದ ಕಂಬ ಬೇಕು, ಸಂಜೆ ಜನ ಚದುರಿದ ಮೇಲೆ ಅದೇ ದಿನ ಖಾಲಿ ಆಗಬೇಕು. ಎಸೆದದ್ದನ್ನು ಕಡಲು ಇಟ್ಟುಕೊಳ್ಳುವುದೂ ಇಲ್ಲ. ಜೂನ್ ಜುಲೈನ ದೊಡ್ಡ ಅಲೆ ಇಳಿದ ಮರುದಿನ ದಂಡೆಗೆ ಹೋಗಿ ನೋಡಿ, ಬಾಟಲಿ, ಚಪ್ಪಲಿ, ಥರ್ಮಾಕೋಲು, ಹರಿದ ಬಲೆ ಎಲ್ಲ ಸಾಲಾಗಿ ಬಂದು ಬಿದ್ದಿರುತ್ತವೆ.

ಗೇಟಿನ ಹತ್ತಿರ ಒಂದು ದೊಡ್ಡ ಬುಟ್ಟಿ ಇಟ್ಟು ಕೈ ತೊಳೆದುಕೊಂಡರೆ ಸಾಲದು. ಜನ ಚುರುಮುರಿ ತಿನ್ನುವುದು ಗೇಟಿನ ಹತ್ತಿರ ಅಲ್ಲ. 2016ರ ಆ ನಿಯಮದಲ್ಲೇ ಬೀದಿ ವ್ಯಾಪಾರಿಗಳು ತಮ್ಮ ಅಂಗಡಿಯ ಕಸಕ್ಕೆ ತಾವೇ ಡಬ್ಬಿ ಇಡಬೇಕು ಅಂತ ಇತ್ತು, ಊಟದ ತಟ್ಟೆ, ಲೋಟ, ತೆಂಗಿನ ಚಿಪ್ಪು ಎಲ್ಲ ಹೆಸರಿಸಿಯೇ ಬರೆದಿದ್ದರು. ಎಳನೀರಿನ ಅಂಗಡಿಗೆ ಇದು ಬಹಳ ಮುಖ್ಯ. ಕುಡಿದು ಬಿಸಾಕಿದ ಬೊಂಡದೊಳಗೆ ಮಳೆನೀರು ನಿಂತರೆ ಒಂದೆರಡು ವಾರದೊಳಗೆ ಅಲ್ಲಿಂದ ಡೆಂಗಿ ಹರಡುವ ಸೊಳ್ಳೆ ಹಾರುತ್ತದೆ. ಎರಡು ವರ್ಷಕ್ಕೊಮ್ಮೆ ಶಿರಸಿಯಲ್ಲಿ ಮಾರಿಕಾಂಬಾ ಜಾತ್ರೆ ಆಗುವಾಗ ನಾನು ಕಬ್ಬಿನ ಹಾಲು ಕುಡಿಯಲು ಗಾಜಿನ ಲೋಟ ಇರುವ ಅಂಗಡಿಯನ್ನೇ ಹುಡುಕುತ್ತೇನೆ. ಬಿಸಾಡುವ ಲೋಟ ಇಲ್ಲದಿದ್ದರೆ ಬುಟ್ಟಿಯೂ ಬೇಡ.

ಮತ್ತೆ ಒಂದು ಮಾತು, ದಯವಿಟ್ಟು. ಮಿಕ್ಕ ಅನ್ನವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿ ರಸ್ತೆ ಬದಿಯ ಡಬ್ಬಿಗೆ ಎಸೆಯಬೇಡಿ. ಆಕಳಿಗೆ ಗಂಟು ಬಿಚ್ಚಲು ಬರುವುದಿಲ್ಲ. ವಾಸನೆ ಹಿಡಿದು ಬಂದದ್ದು ಕವರು ಸಮೇತ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಉಂಡೆ ಕಟ್ಟಿಕೊಂಡು ಮೇವಿಗೆ ಜಾಗ ಇಲ್ಲದೆ ಸಾಯುತ್ತದೆ. ಗೋಗ್ರಾಸ ಅಂತ ಎಲೆಯ ಮೇಲೆ ಮೊದಲ ತುತ್ತು ಎತ್ತಿಡುವ ಜನ ನಾವು.

ಕಂಪ್ಯೂಟರಿನಲ್ಲೂ ಒಂದು ಬುಟ್ಟಿ ಇದೆ. 1983ರಲ್ಲಿ ಆ್ಯಪಲ್ ಕಂಪನಿಯ ಲಿಸಾ ಅನ್ನುವ ಕಂಪ್ಯೂಟರಿನ ಪರದೆಯ ಮೇಲೆ ಕಸದ ಬುಟ್ಟಿಯ ಚಿತ್ರ ಇತ್ತು, ವಿಂಡೋಸ್ 95 ಬಂದಾಗ ರೀಸೈಕಲ್ ಬಿನ್ ಅಂತ ಎಲ್ಲರ ಮನೆಗೂ ಬಂತು. ಅದರಲ್ಲಿ ನನಗೆ ಇಷ್ಟವಾದದ್ದು ಎಸೆದದ್ದನ್ನು ಮತ್ತೆ ಎತ್ತಿಕೊಳ್ಳಬಹುದು ಅನ್ನುವುದು. ಜೀಮೇಲ್ ಅಳಿಸಿದ ಪತ್ರವನ್ನು 30 ದಿನ ಕಾದಿಡುತ್ತದೆ. ನಮ್ಮ ಆಫೀಸಿನ ಮೇಜಿನ ಕೆಳಗಿನ ನಿಜವಾದ ಬುಟ್ಟಿಗೂ ನಾನು ಇದೇ ಪದ್ಧತಿ ಮಾಡಿಕೊಂಡಿದ್ದೇನೆ. ಕಾಗದಕ್ಕೆ ಮಾತ್ರ ಆ ಬುಟ್ಟಿ, ಚಹಾ ಕಪ್ಪು ಅದಕ್ಕೆ ಬೀಳುವ ಹಾಗಿಲ್ಲ. ಒಂದು ಬದಿ ಖಾಲಿ ಇರುವ ಹಾಳೆಗಳನ್ನು ವಾರದ ಕೊನೆಗೆ ಎತ್ತಿ, ಕತ್ತರಿಸಿ, ಕ್ಲಿಪ್ಪು ಹಾಕಿ ಮಗಳ ಲೆಕ್ಕದ ಪುಸ್ತಕ.

ಈಗ ನಮ್ಮ ಮನೆಯ ಮುಂದಿರುವ ಕೆಲಸ ಊರಲ್ಲಿ ತಮ್ಮನ ಮಗನ ಉಪನಯನ. ನೂರು ಜನಕ್ಕಿಂತ ಜಾಸ್ತಿ ಸೇರಿಸುವವರು ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು, ಕಸ ಬೇರೆ ಮಾಡುವ ಜವಾಬ್ದಾರಿ ಅವರದೇ ಅಂತಲೂ 2016ರ ಆ ಕಸದ ನಿಯಮದಲ್ಲಿ ಇತ್ತು. ಮನೆಯಂಗಳದ ಕಾರ್ಯಕ್ಕೆ ಅದು ಲಾಗೂ ಆಗಲಿ ಬಿಡಲಿ, ಪಂಚಾಯ್ತಿಗೆ ಹೇಳಿದ್ದೇವೆ, ಮಾರನೇ ದಿನ ಗಾಡಿ ಕಳಿಸುತ್ತಾರಂತೆ. ಊಟ ಬಾಳೆ ಎಲೆಯಲ್ಲಿ. ನೀರಿಗೆ ಸ್ಟೀಲ್ ಲೋಟ, ಸಣ್ಣ ಬಾಟಲಿ ಬೇಡವೇ ಬೇಡ ಅಂತ ಅಪ್ಪಯ್ಯನೇ ಹೇಳಿದ್ದಾನೆ. ಕೈ ತೊಳೆಯುವ ಜಾಗದ ಪಕ್ಕ ಎರಡು ದೊಡ್ಡ ಹೆಡಗೆ ಇಡುತ್ತೇವೆ, ಒಂದು ಮಿಕ್ಕ ಪದಾರ್ಥಕ್ಕೆ, ಇನ್ನೊಂದು ಒಣ ಕಸಕ್ಕೆ, ಪಕ್ಕದಲ್ಲಿ ಇಬ್ಬರು ಹುಡುಗರು ನಿಲ್ಲುತ್ತಾರೆ. ಕವಳದ, ಅಂದರೆ ಎಲೆ ಅಡಿಕೆಯ, ತಟ್ಟೆ ಇಡುವ ಮೇಜಿನ ಕೆಳಗೂ ಒಂದು ಬುಟ್ಟಿ ಬೇಕು ಅಂತ ಆಯಿ ನೆನಪಿಸಿದಳು. ಐಸ್‌ಕ್ರೀಮಿನ ಕಪ್ಪು, ಚಮಚದ್ದು ಮಾತ್ರ ಇನ್ನೂ ಬಗೆಹರಿದಿಲ್ಲ. ಸಣ್ಣ ಸ್ಟೀಲ್ ಬಟ್ಟಲು ಸಿಗುತ್ತದಾ ಅಂತ ಅಡುಗೆ ಭಟ್ಟರನ್ನು ಕೇಳಿದ್ದೇವೆ, ಬಾಡಿಗೆಯವರ ಹತ್ತಿರ ವಿಚಾರಿಸಿ ನಾಳೆ ಹೇಳುತ್ತಾರಂತೆ.